ಎರಡು ಮಿಲಿಮೀಟರ್

ಕೆಳರೆಪ್ಪೆಗೆ ಸಿಕ್ಕಿಸಿದ ಕಾಗದದ ಪಟ್ಟಿ ಚುಚ್ಚುತ್ತಿಲ್ಲ, ಸುಮ್ಮನೆ ಕೆನ್ನೆಗೆ ತಾಗುತ್ತಿದೆ, ಒಂದೊಂದು ಕಣ್ಣಿಗೆ ಒಂದೊಂದು, ಐದು ನಿಮಿಷ ಕಣ್ಣು ಮುಚ್ಚಿ ಕೂತಿರಿ ಎಂದು ಹೇಳಿ ಹೋದರು ಡಾಕ್ಟರಮ್ಮ, ಭಾನುಪ್ರಿಯಾ ಕೂತಿದ್ದಾಳೆ — ಹೊರಗೆ ಹಾಸನದ ಬಸ್ಸುಗಳ ಹಾರನ್ನು, ಯಾರೋ ಟೋಕನ್ ನಂಬರು ಕೂಗುತ್ತಿದ್ದಾರೆ, ಅಂಗನವಾಡಿಗೆ ರಜೆ ಹಾಕಿ ಬಂದದ್ದು ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ ಎಂದು, ಹೇಳಿದ್ದೂ ಅಷ್ಟೇ, ಅಪ್ಪ ಸತ್ತ ದಿನದ್ದು ಹೇಳಲಿಲ್ಲ, ಅದನ್ನು ಯಾವ ಡಾಕ್ಟರಿಗೆ ಹೇಳುವುದು. ಮೂರು ತಿಂಗಳಾಯಿತು. ಸಾಲಗಾಮೆಯ ಮನೆ ಮುಂದೆ ಅಪ್ಪನನ್ನು ಮಲಗಿಸಿದ್ದರು, ಅಣ್ಣ ಧರ್ಮೇಂದ್ರ ಕಂಬ ಹಿಡಿದು ಗೋಳೋ ಎನ್ನುತ್ತಿದ್ದ, ಅವಳು ನಿಂತೇ ಇದ್ದಳು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಕಣ್ಣು ಧಗಧಗ ಉರಿಯುತ್ತಿತ್ತು, ಒಂದು ಹನಿಯಿಲ್ಲ, ಆಗ ದೊಡ್ಡಮ್ಮ ನೀಲಗಂಗಮ್ಮ ಎಲ್ಲರೆದುರಿಗೆ, ನೋಡ್ರವ್ವ, ಹೆತ್ತಪ್ಪ ಓಗವ್ನೆ, ಒಂದ್ ತೊಟ್ಟು ನೀರ್ ಬರ್ನಿಲ್ಲ ಇವ್ಳ್ ಕಣ್ಣಲ್ಲಿ. ಅಣ್ಣ ತಿರುಗಿ ನೋಡಿದ. ಅಂದಿನಿಂದ ಮಾತಿಲ್ಲ, ತಿಥಿಯ ಎಲೆಗೆ ಮುಖ ನೋಡದೇ ಬಡಿಸಿದ. ಎಂಟು ತಿಂಗಳು ಅಪ್ಪನ ಮಗ್ಗುಲು ಬದಲಿಸಿದ್ದು, ಮೈ ಒರೆಸಿದ್ದು, ಮುದ್ದೆ ಕಿವುಚಿ ತಿನ್ನಿಸಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ, ಕೊನೆಗೆ ಅವಳಿಗೇ ಅನುಮಾನ — ಅಪ್ಪನ ಮೇಲೆ ಪ್ರೀತಿ ಇತ್ತೋ ಇಲ್ಲವೋ, ಕನ್ನಡಿ ಮುಂದೆ ಅಪ್ಪನನ್ನು ನೆನೆದು ನೋಡಿದಳು, ಹೆಚ್ಚಿದ ಈರುಳ್ಳಿಯನ್ನು ಕಣ್ಣಿಗೆ ಹಿಡಿದಳು, ಉರಿ ಬಂತು, ನೀರಿಲ್ಲ. ಹಾಸಿಗೆ ಹಿಡಿಯುವ ಮುಂಚೆ ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಕೇಳಿದ್ದ, ಅದ್ಯಾಕವ್ವ ತುತ್ತಿಗೊಂದು ಗುಟುಕು ನೀರ್ ಕುಡೀತೀಯ, ಬಾಯಿ ಒಣಗ್ತದೆ ಕಣಪ್ಪ, ಮರುದಿನದಿಂದ ಅವಳ ಪಕ್ಕಕ್ಕೊಂದು ತುಂಬಿದ ಚೊಂಬು ಅವನೇ ಇಡುತ್ತಿದ್ದ. ಸಾಕು, ಬಿಡಿ ಕಣ್ಣು. ಡಾಕ್ಟರಮ್ಮ ಪಟ್ಟಿಗಳನ್ನು ಬೆಳಕಿಗೆ ಹಿಡಿದರು, ಕಣ್ಣೀರಿಗೆ ಎರಡೇ ಮಿಲಿಮೀಟರ್ ನೆನೆದಿದೆ, ಹದಿನೈದಾದರೂ ನೆನೆಯಬೇಕಿತ್ತು, ಬಾಯೂ ಒಣಗುತ್ತಾ, ಹೂಂ, ರಕ್ತ ಪರೀಕ್ಷೆ ಮಾಡಿಸಿ, ನೀರಿನ ಗ್ರಂಥಿಗಳೇ ಒಣಗೋ ಕಾಯಿಲೆ ಇರಬಹುದು, ಇಂಥವರಿಗೆ ಅಳು ಬಂದರೂ ಕಣ್ಣೀರು ಬರಲ್ಲ — ಅಳು ಬಂದರೂ, ಅಳು ಬಂದರೂ, ಹಾಗಾದರೆ ಬಂದಿತ್ತು, ಅಂದು ಬಂದದ್ದು ಅಳುವೇ. ವಾಸಿಯಾಗುತ್ತದೆಯೇ ಎಂದು ಕೇಳಬೇಕಿತ್ತು, ಮರೆತೇ ಹೋಯಿತು. ನರ್ಸು ಎರಡೂ ಕಣ್ಣಿಗೆ ತಣ್ಣನೆಯ ಔಷಧಿ ಬಿಟ್ಟರು, ಹೊರಗಿನ ಬೆಂಚಿಗೆ ಬಂದವಳೇ ಅಣ್ಣನ ನಂಬರು ಒತ್ತಿದಳು, ಎತ್ತಿದ, ಅವಳೇ ಕಾಗದ, ಗ್ರಂಥಿ, ಕಾಯಿಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ನಂಗೊತ್ತಾಗ್ನಿಲ್ಲ ಕಣವ್ವ ಭಾನು, ಎಂದ ಅಣ್ಣ. ಮೂಗೆಳೆದುಕೊಂಡು, ಬುಡವ್ವ, ನಿನ್ ಪಾಲಿಂದೂ ನಾನೇ ಅತ್ತಿವ್ನಿ. ಅವಳ ಭುಜ ಅಲುಗಿತು, ಬಿಕ್ಕು ಎದೆಯಿಂದ ಕಿತ್ತುಕೊಂಡು ಬಂತು, ಬರಲಿ, ಎಷ್ಟು ಹಗುರ, ಪಕ್ಕದ ಮುದುಕಿ ಮಂಡಿ ಮೇಲೆ ಕೈಯಿಟ್ಟು ಅಳಬ್ಯಾಡ ಮಗಳೇ ಎಂದಿತು, ಅಳಬ್ಯಾಡ ಎಂದು ಒಬ್ಬರಾದರೂ ಅಂದರಲ್ಲ, ಮೂಗಿನ ಪಕ್ಕದಲ್ಲಿ ತಣ್ಣಗೆ ಏನೋ ಇಳಿಯುತ್ತಿದೆ, ಔಷಧಿ, ಔಷಧಿಯೇ ಇರಲಿ, ಒರೆಸುವುದಿಲ್ಲ, ತುಟಿಯ ಅಂಚಿಗೆ ಬಂತು, ಗದ್ದಕ್ಕೆ ಬಂತು, ಅಲ್ಲಿ ನಿಂತಿದೆ ಒಂದು ಹನಿ, ಒಂದು ಹನಿ —