ಮಾಕ್ ಅಕ್ಕನ ನಾಲಿಗೆ

ಐದನೆಯ ತಿಂಗಳ ಮಳೆ ಹಿಡಿದುಕೊಂಡರೆ ದಕ್ಷಿಣ ಚೀನಾದ ನಮ್ಮ ವುಝೌನಲ್ಲಿ ಗೋಡೆಗಳೂ ಬೆವರುತ್ತವೆ. ಒಗೆದ ಬಟ್ಟೆ ಒಣಗುವುದಿಲ್ಲ. ಮೈ ಭಾರ, ತಲೆ ಭಾರ, ಬಾಯಿಗೆ ರುಚಿಯಿಲ್ಲ. ಮೈಯೊಳಗೆ ತೇವ ಸೇರಿದೆ ಎನ್ನುತ್ತೇವೆ ನಾವು. ಮನೆಮನೆಯಲ್ಲೂ ಬೂದುಗುಂಬಳದ ಸಾರು ಕುದಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ವೈದ್ಯರಲ್ಲಿಗೆ ಹೋಗಿ ನಾಡಿ ಹಿಡಿಸಿ, ನಾಲಿಗೆ ತೋರಿಸಿ, ಬೇರು ತೊಗಟೆಗಳ ಕಟ್ಟು ತರುತ್ತೇವೆ.

ಮಾಕ್ ಕ್ವಾಯ್‌ಹಿಂಗ್ ಮಾಡಿದ್ದೂ ಅಷ್ಟೇ. ಅಕ್ಕಿಹಿಟ್ಟನ್ನು ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಸುರುಳಿ ಸುತ್ತಿ ನಮ್ಮ ಬೀದಿಯ ಮೂಲೆಯಲ್ಲಿ ಮಾರುವ ಹೆಂಗಸು. ಎಲ್ಲರಿಗೂ ಮಾಕ್ ಅಕ್ಕ. ಅವಳ ಪಕ್ಕದಲ್ಲೇ ನಾನು ಕೊಡೆ ರಿಪೇರಿಗೆ ಕೂರುತ್ತೇನೆ, ಹಾಗಾಗಿ ನಡೆದದ್ದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು. ಆ ಮಳೆಗಾಲ ಅಕ್ಕನ ಕಾಲು ಊದಿಕೊಂಡಿತು. ಎದುರಿಗಿದ್ದ ಔ ಸೆಕ್‌ಕ್ಯುಂಗ್ ವೈದ್ಯನ ಔಷಧಿ ಅಂಗಡಿಗೆ ಹೋದಳು. ಅವನು ನಾಲಿಗೆ ಚಾಚಿಸಿ, "ದೊಡ್ಡದು ಮಾಡಿ ನೋಡ್ಬೇಕು" ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಕಟ್ಟು ಕೊಟ್ಟು ಕಳಿಸಿದ.

ವಾರ ಕಳೆಯುವುದರೊಳಗೆ ಅವನ ಅಂಗಡಿಯ ಮುಂದೆ ಅವನು ಮಾರುವ ತೇವ ಕಳೆಯುವ ಪುಡಿಯ ಜಾಹೀರಾತು, ಬಾಗಿಲಿನಷ್ಟು ಎತ್ತರದ ಪೋಸ್ಟರ್ ಬಂತು. ಎರಡು ನಾಲಿಗೆಗಳು. ಒಂದು ಗುಲಾಬಿ ಬಣ್ಣದ್ದು, 'ಪುಡಿ ಸೇವಿಸಿದ ಮೇಲೆ'. ಇನ್ನೊಂದು, 'ಸೇವಿಸುವ ಮೊದಲು': ಊದಿದ, ಅಂಚಿನ ತುಂಬ ಹಲ್ಲಿನ ಗುರುತಿದ್ದ, ಹಳದಿ ಲೋಳೆ ಮೆತ್ತಿಕೊಂಡ ನಾಲಿಗೆ. ಅದರ ಎಡಗಡೆ ಒಂದು ಚೂರು ಇಲ್ಲ. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಬಿದ್ದು ನಾಲಿಗೆ ಕಚ್ಚಿಕೊಂಡ ಕಥೆಯನ್ನು ಅಕ್ಕ ನಾಲಿಗೆ ಚಾಚಿ ತೋರಿಸುತ್ತಲೇ ಹೇಳುತ್ತಿದ್ದವಳು. ಬೀದಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ!

"ಏನಕ್ಕಾ, ನಿಮಗಿಂತ ನಿಮ್ಮ ನಾಲಿಗೇನೇ ಜಾಸ್ತಿ ಹೆಸರು ಮಾಡ್ತಲ್ಲ!" ಎಂದು ಮೀನಿನವನು ನಕ್ಕ.

ನಗುವಿಗೇ ನಿಂತಿದ್ದರೆ ಅಕ್ಕ ಸಹಿಸಿಕೊಳ್ಳುತ್ತಿದ್ದಳು. ಆದರೆ ಒಬ್ಬ ತಾಯಿ ಮಗಳ ಕೈ ಹಿಡಿದೆಳೆದು, "ಅಲ್ಲಿ ಬೇಡ ಕಣೇ. ಆ ನಾಲಿಗೆ ನೋಡಿದ್ಯಲ್ಲ, ಅದೇ ಬಾಯಲ್ಲಿ ರುಚಿ ನೋಡಿ ಮಾಡೋದು" ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು. ಆ ದಿನ ಮಧ್ಯಾಹ್ನವಾದರೂ ಸುರುಳಿಗಳು ಹಬೆಪೆಟ್ಟಿಗೆಯಲ್ಲೇ ಉಳಿದವು. ಅಕ್ಕ ಒಲೆ ಆರಿಸಿ ರಸ್ತೆ ದಾಟಿದಳು. ನಾನೂ ಹಿಂದೆಯೇ ಹೋದೆ.

"ಅದನ್ನ ಇಳಿಸಿ ವೈದ್ಯರೇ."

"ಯಾಕಕ್ಕಾ? ನಿಮ್ಮ ಹೆಸರೇನಾದ್ರೂ ಬರ್ದಿದೀನಾ? ನಾಲಿಗೆ ಎಲ್ರಿಗೂ ಇರತ್ತೆ."

"ಹಂಗಾದ್ರೆ ನಿಮ್ದೇ ಹಾಕ್ಕೊಳ್ಳಿ."

ಅವನು ತಕ್ಕಡಿಯಿಂದ ತಲೆಯನ್ನೂ ಎತ್ತಲಿಲ್ಲ. "ಇಷ್ಟಕ್ಕೆಲ್ಲ ಸಿಟ್ಟು ಮಾಡ್ಕೋಬಾರ್ದು, ಲಿವರ್‌ಗೆ ಒಳ್ಳೇದಲ್ಲ. ಬೇಕಿದ್ರೆ ಅದಕ್ಕೂ ಒಂದು ಕಟ್ಟು ಕೊಡ್ತೀನಿ."

ನನಗೇ ಮೈ ಉರಿಯಿತು. ಅಕ್ಕ ಮಾತ್ರ ಗಿರಾಕಿಗಳ ಕಡೆಗೆ ತಿರುಗಿ, ಪೋಸ್ಟರಿನ ಪಕ್ಕದಲ್ಲಿ ನಿಂತು, ಉದ್ದಕ್ಕೆ ನಾಲಿಗೆ ಚಾಚಿದಳು. ಎಲ್ಲರೂ ಅದನ್ನೂ ಇದನ್ನೂ ನೋಡಿದರು.

"ಸರಿಯಾಗಿ ನೋಡ್ಕೊಳ್ಳಿ. ಇದು ನಂದು. ಇವರ ಪುಡೀನ ನಾನು ಒಂದು ಚಿಟಿಕೆನೂ ಬಾಯಿಗೆ ಹಾಕಿಲ್ಲ. ಪಕ್ಕದಲ್ಲಿರೋ ಗುಲಾಬಿ ನಾಲಿಗೆ ಯಾರ್ದು? ನಂದೇ ಅಂದ್ರೆ, ಕಚ್ಚಿ ಹೋದ ಚೂರು ಎಲ್ಲಿಂದ ಬಂತು? ನಿಮ್ಮ ಪುಡಿ ತಿಂದ್ರೆ ನಾಲಿಗೆ ಚಿಗುರತ್ತಾ ವೈದ್ಯರೇ?"

ಅಂಗಡಿ ತುಂಬ ನಗು. ಒಬ್ಬ ಮುದುಕ ಕೈಯಲ್ಲಿದ್ದ ಪುಡಿಯ ಡಬ್ಬವನ್ನು ಮೆಲ್ಲಗೆ ಕಪಾಟಿನಲ್ಲಿಟ್ಟ. ಔನ ಮುಖ ಕೆಂಪಾಯಿತು. "ಏಯ್, ನನ್ನ ವ್ಯಾಪಾರ ಹಾಳು ಮಾಡಕ್ಕೆ ಬಂದಿದ್ಯಾ?" ಎಂದು ಕೂಗಿದ. ಮರ್ಯಾದೆಯ ಮಾತೆಲ್ಲ ಅಷ್ಟು ಬೇಗ ಉದುರಿಹೋಯಿತು.

"ನಂದು ವ್ಯಾಪಾರ ಅಲ್ವಾ?" ಎಂದವಳೇ ಅಕ್ಕ ಪೋಸ್ಟರನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದಳು.

ಔ ಪೊಲೀಸರನ್ನು ಕರೆಸಿದ. ಬಂದವನಿಗೆ ಊಟದ ಅವಸರ. "ಇಬ್ರೂ ಒಬ್ಬರಿಗೊಬ್ರು ತಪ್ಪಾಯ್ತು ಅನ್ನಿ, ಮುಗೀತು" ಎಂದ. ಔ ತಕ್ಷಣ ಕೈಜೋಡಿಸಿ, ಹಲ್ಲು ಕಿರಿದು, ತಪ್ಪಾಯಿತೆಂದ. ಎಷ್ಟು ಸುಲಭ ನೋಡಿ!

"ನಾನು ಅನ್ನಲ್ಲ," ಎಂದಳು ಅಕ್ಕ. "ಹೇಳ್ದೇ ಕೇಳ್ದೇ ನನ್ನ ನಾಲಿಗೇನ ಬೀದಿಗೆ ನೇತು ಹಾಕಿದೋರು ಅವರು. ನಾನು ನನ್ನ ನಾಲಿಗೆ ಹರ್ಕೊಂಡೆ. ಅದಕ್ಕೆ ಯಾರನ್ನ ಕೇಳ್ಬೇಕು?"

ಔ ತನ್ನ ಮೊಬೈಲಿನಲ್ಲಿದ್ದ ಫೋಟೊವನ್ನು ಎಲ್ಲರೆದುರು ಅಳಿಸುವವರೆಗೆ ಅಕ್ಕ ಅಲ್ಲಿಂದ ಕದಲಲಿಲ್ಲ. ಪೋಸ್ಟರ್ ಮತ್ತೆ ಮೇಲೇರಲೂ ಇಲ್ಲ.

ಆದರೂ ಗಿರಾಕಿಗಳು ಒಮ್ಮೆಗೇ ಬರಲಿಲ್ಲ. ತಪ್ಪು ಮಾಡಿದವನ ಅಂಗಡಿ ಮರುದಿನವೇ ತುಂಬಿತು, ಇವಳದು ಖಾಲಿ. ಒಂದು ಬೆಳಿಗ್ಗೆ ಔನ ಹೆಂಡತಿ ಕೊಡೆ ಮಡಿಸಿಕೊಂಡು ಬಂದು, ಎಲ್ಲರಿಗೂ ಕಾಣುವ ಹಾಗೆ ಮುಂದಿನ ಸ್ಟೂಲಿನ ಮೇಲೆ ಕೂತು, ಎರಡು ತಟ್ಟೆ ಸುರುಳಿ ತರಿಸಿಕೊಂಡು ತಿಂದಳು. ಅದನ್ನು ನೋಡಿ ಮೀನಿನವನೂ ಬಂದು ಕೂತ.

"ಆ ಪೋಸ್ಟರ್ ಹಾಕ್ಬೇಡಿ ಅಂತ ನಾನು ಅವತ್ತೇ ಹೇಳಿದ್ದೆ ಅಕ್ಕಾ," ಎಂದಳು ಅವಳು.

"ನೀವಲ್ಲ, ನಿಮ್ಮ ಯಜಮಾನ್ರು ಬಂದು ಇಲ್ಲಿ ಕೂತು ತಿನ್ಬೇಕು," ಎಂದಳು ಅಕ್ಕ, ಅವಳ ತಟ್ಟೆಗೆ ಇನ್ನಷ್ಟು ಸೋಯಾ ಸಾಸ್ ಸುರಿಯುತ್ತ.

"ಅವರು ಬರಲ್ಲ."

"ಗೊತ್ತು."