ನಾಲ್ಕು ಗಂಟೆಯ ಕಣ್ಣು

ಬೆಳಗ್ಗೆ ಎಂಟಕ್ಕೆ ಡಾಕ್ಟರ ಕಣ್ಣು ಒಂಥರಾ, ಸಂಜೆ ನಾಲ್ಕಕ್ಕೆ ಇನ್ನೊಂಥರಾ. ಕರುಳಿನೊಳಗೆ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಆ ಕೋಣೆಯಲ್ಲಿ ಹನ್ನೆರಡು ವರ್ಷ ನಿಂತ ನರ್ಸಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮುಂದೆ ಕ್ಯಾನ್ಸರಾಗಬಹುದಾದ ಗಂಟು ಬೆಳಗಿನವರಲ್ಲಿ ಸಾಸಿವೆಯಷ್ಟಿದ್ದರೂ ಸಿಗುತ್ತಿತ್ತು. ಸಂಜೆಯವರೆಲ್ಲ ಅದೇನು ಪುಣ್ಯವೋ, ಏನೂ ಇಲ್ಲವೆಂದು ಹೇಳಿಸಿಕೊಂಡು ಮನೆಗೆ ಹೋಗುತ್ತಿದ್ದರು. ಅವಳು ಒಂದು ದಿನವೂ ಬಾಯಿಬಿಟ್ಟವಳಲ್ಲ.

ಅಪ್ಪನನ್ನು ತಿಂದದ್ದು ಕರುಳಿನ ಕ್ಯಾನ್ಸರೇ. ಅದಕ್ಕೇ ಅಕ್ಕನ ಕೈಕಾಲು ಹಿಡಿದು ಒಪ್ಪಿಸಿ, ದಿನದ ಮೊದಲ ಸರದಿ ಬರೆಸಿಟ್ಟಿದ್ದಳು. ಆ ಮಹಾತಾಯಿ ಬೆಂಚಿನ ಮೇಲೆ ಪರೀಕ್ಷೆಯ ಉಪವಾಸಕ್ಕೆ ಹಸಿದು ಅಳುತ್ತಿದ್ದ ಯಾವುದೋ ಅಜ್ಜಿಗೆ ಸರದಿ ಬಿಟ್ಟುಕೊಟ್ಟು, ಕೊನೆಯವಳಾಗಿ ಕೂತಿದ್ದಳು!

"ಯಾರನ್ನ ಕೇಳಿ ಕೊಟ್ಟೆ?"

"ಪಾಪ ಕಣೇ, ಕೈ ನಡುಗ್ತಿತ್ತು ಅವರಿಗೆ. ನಂಗೇನು, ಇಲ್ಲೇ ಒಂದು ನಿದ್ದೆ ತೆಗೀತೀನಿ."

"ನಿನ್ನ ಧಾರಾಳಕ್ಕಿಷ್ಟು ಬೆಂಕಿ ಹಾಕ!"

ನಾಲ್ಕು ಗಂಟೆ. ಪರದೆ ಎಳೆದ ಕೋಣೆ, ಯಂತ್ರದ ಗುಂಯ್ ಸದ್ದು, ಮಂಪರಿನ ಮದ್ದಿಗೆ ಮಲಗಿದ ಅಕ್ಕ. ಟಿವಿಯಲ್ಲಿ ಅವಳ ಕರುಳು ನಸುಗೆಂಪು ಸುರಂಗವಾಗಿ ತೇಲುತ್ತಿತ್ತು. ತಾನೇ ಅದರೊಳಗೆ ಬರಿಗಾಲಲ್ಲಿ ನಡೆಯುತ್ತಿದ್ದೇನೆ, ಮುಂದಿನ ತಿರುವಿನಲ್ಲಿ ಅಪ್ಪ ನಿಂತಿರುತ್ತಾನೆ ಎನಿಸಿತು ನರ್ಸಿಗೆ. ತಿರುವು ಬಂತು, ಅಪ್ಪ ಇರಲಿಲ್ಲ.

ಡಾಕ್ಟರು ಆಕಳಿಸಿದರು. ಮಡಿಕೆ ಮಡಿಕೆ ಇಣುಕುತ್ತ ಎಳೆಯಬೇಕಾದ ಕೊಳವೆ ಸರಸರನೆ ಹಿಂದಕ್ಕೆ ಬರತೊಡಗಿತು.

"ಎಲ್ಲ ಸರಿಯಿದೆ ಸಿಸ್ಟರ್."

"ಇಲ್ಲ ಸಾರ್." ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಮತ್ತೆ ಒಳಗೆ ಹೋಗಿ. ಬೆಳಗ್ಗೆ ಆ ಅಜ್ಜೀನ ಹತ್ತು ನಿಮಿಷ ನೋಡಿದ್ರಿ, ಇವಳಿಗೆ ಮೂರೇ ಆಗಿರೋದು."

"ನಂಗೇ ಹೇಳಿಕೊಡ್ತೀರಾ?"

"ಹೂಂ ಸಾರ್."

ಡಾಕ್ಟರು ದುರುಗುಟ್ಟಿ ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ಒಳಹೊಕ್ಕರು. ಒಂದು ಮಡಿಕೆಯ ಹಿಂದೆ, ಕಡಲೆಕಾಳಿನಷ್ಟು ಗಂಟು. ತಂತಿಯ ಕುಣಿಕೆ ಹಾಕಿ ಅದನ್ನು ತೆಗೆದರು.

ಅಕ್ಕ ಕಣ್ಣುಬಿಟ್ಟು, "ನೋಡು, ಕೊನೆಗೆ ಬಂದ್ರೆ ಏನಾಯ್ತೀಗ?" ಎಂದು ನಕ್ಕಳು. ತಂಗಿ ಅವಳ ಕೆನ್ನೆಗೆ ಕೆನ್ನೆ ಒತ್ತಿ ಅತ್ತುಬಿಟ್ಟಳು.

ಮರುದಿನ ಅವಳು ಡಾಕ್ಟರನ್ನು ಒಪ್ಪಿಸಿ ಹಳೆಯ ಕಡತಗಳನ್ನು ತೆಗೆಸಿದಳು. ಸಂಜೆಯ ಸರದಿಯವರನ್ನೆಲ್ಲ ಗುರುತು ಹಾಕಿಕೊಂಡು, ಮೊದಲ ನಂಬರಿಗೆ ಫೋನ್ ಮಾಡಿದಳು.

"ಅಮ್ಮನ್ನ ಇನ್ನೊಂದು ಸಲ ಕರ್ಕೊಂಡು ಬರ್ತೀರಾ? ಬೆಳಗ್ಗೆ ಹೊತ್ತು?"

"ಅಮ್ಮ ಹೋಗಿ ಒಂದು ವರ್ಷ ಆಯ್ತಲ್ಲಮ್ಮಾ," ಎಂದಿತು ಆ ಕಡೆಯ ದನಿ. "ನೀವ್ಯಾರು?"

ಅವಳು ಫೋನ್ ಇಟ್ಟು, ಆ ಹೆಸರಿನ ಮೇಲೆ ಗೆರೆ ಎಳೆದಳು. ಎರಡನೆಯ ನಂಬರು ಒತ್ತಿದಳು.