ಎರಡು ಕೈಯ ಮರ್ಯಾದೆ

ಮೇಯರ್ ಕಚೇರಿಗೆ ಇಂಟರ್ನ್ ಆಗಿ ಸೇರಿದ ಹುಡುಗಿಗೆ ಮೊದಮೊದಲು ಸಿಕ್ಕ ಕೆಲಸವೆಂದರೆ ಹೂದಾನಿಯ ನೀರು ಬದಲಿಸುವುದು, ಯಾರಾದರೂ ನೋಡಿದರೆ ನಗುವುದು. ನಗರಾಡಳಿತವನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಓದಿ ಬಂದವಳು. ಆ ಪುಸ್ತಕಗಳನ್ನು ಬರೆದ ಮಹಾನುಭಾವರು ಹೂದಾನಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಆದರೂ ಹುಡುಗಿ ಹಲ್ಲು ಕಚ್ಚಿಕೊಂಡು ಇದ್ದಳು. ಕೊನೆಗೆ ಒಬ್ಬರನ್ನು ಕಚೇರಿಯಲ್ಲೇ ಕೆಲಸಕ್ಕೆ ಉಳಿಸಿಕೊಳ್ಳುತ್ತಾರೆ ಎಂಬ ಮಾತಿತ್ತು. ಅದಕ್ಕಿಂತ ಮುಖ್ಯವಾಗಿ, ಚಿಕ್ಕಮ್ಮನ ಅಂಗಡಿಯ ವಿಷಯವಿತ್ತು.

ಚಿಕ್ಕಮ್ಮ ಟೈಲರ್. ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಆತುಕೊಂಡಿದ್ದ ಅಂಗಡಿ ಸಾಲಿನಲ್ಲಿ ಕೊನೆಯದು ಅವಳದು. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಅಳತೆ ಕೊಡಲು ಬಂದವರ ಮರ್ಯಾದೆಗೊಂದು ಪರದೆ, ಅಷ್ಟೇ ಆಸ್ತಿ. ಅಕ್ಕ ತೀರಿಕೊಂಡಾಗ ಕೈಗೂಸಾಗಿದ್ದ ಈ ಹುಡುಗಿಯನ್ನು ಎತ್ತಿ ತಂದು, ಆ ಮೇಜಿನ ಕೆಳಗೆ ಬಟ್ಟೆ ಚೂರುಗಳ ಮೇಲೆ ಮಲಗಿಸಿ ಬೆಳೆಸಿದಳು. ತಾನು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ನನಗೆ ಮಗಳು ರೆಡಿಮೇಡ್ ಸಿಕ್ಕಿದ್ಲು, ಆಲ್ಟರೇಷನ್ ಮಾತ್ರ ನಾನು ಮಾಡ್ದೆ" ಎಂದು ನಗುತ್ತಿದ್ದಳು. ಈಗ ನಿಲ್ದಾಣ ದೊಡ್ಡದಾಗಬೇಕಾಗಿತ್ತು, ಅಂಗಡಿ ಸಾಲು ಹೋಗಬೇಕಾಗಿತ್ತು. ಹೊಸ ಮಾರುಕಟ್ಟೆಯಲ್ಲಿ ಕೆಲವರಿಗಷ್ಟೇ ಜಾಗ. ಆ ಕೆಲವರು ಯಾರು ಎಂಬುದನ್ನು ಮೇಯರ್ ತೀರ್ಮಾನಿಸಬೇಕಿತ್ತು.

ಮೇಯರ್ ದಿನಾ ಬೆಳಿಗ್ಗೆ ಬಾಗಿಲು ತೆರೆದಿಟ್ಟು ಜನರನ್ನು ನೋಡುತ್ತಿದ್ದರು. ಹೊರಗಿನ ಕೋಣೆಯಲ್ಲಿ ಫೋನುಗಳ ನಡುವೆ ಕೂತಿರುತ್ತಿದ್ದವರು ಅವರ ಪಿ.ಎ. ಎಲ್ಲವನ್ನೂ ಸೋಸಿಯೇ ಒಳಗೆ ಬಿಡುತ್ತಾರೆಂದು ಕಚೇರಿಯವರು ಅವರಿಗೆ ಜರಡಿ ಎಂದು ಹೆಸರಿಟ್ಟಿದ್ದರು. ಜರಡಿ ಒಂದು ದಿನ ಹುಡುಗಿಯನ್ನು ಕರೆದು ಕಚೇರಿಯ ನಿಜವಾದ ಪಾಠ ಹೇಳಿಕೊಟ್ಟರು.

"ನೋಡಮ್ಮ, ನಮ್ಮ ಮೇಯರ್ ಯಾರಿಗೂ ಇಲ್ಲ ಅನ್ನಲ್ಲ. ಅನ್ನೋಕಾಗಲ್ಲ, ಓಟು ಹೋಗುತ್ತೆ. ಅದಕ್ಕೆ ನಾವು ಅವರ ಬಾಯಿ ನೋಡಲ್ಲ, ಕೈ ನೋಡ್ತೀವಿ. ಬಂದೋರಿಗೆ ಒಂದು ಕೈ ಕೊಟ್ಟು 'ನೋಡೋಣ' ಅಂದ್ರೆ ಕೆಲಸ ಆಗ್ಬೇಕು ಅಂತ ಅರ್ಥ. ಎರಡು ಕೈಯಲ್ಲಿ ಹಿಡ್ಕೊಂಡು ಅಕ್ಕ, ಅಣ್ಣ ಅಂದ್ರೆ ಆಗಬಾರದು ಅಂತ."

"ಎರಡು ಕೈಯಲ್ಲಿ ಹಿಡ್ಕೊಂಡ್ರೆ ಆಗಬಾರದಾ?"

"ಮತ್ತೆ? ಕೆಲಸ ಆಗೋನಿಗೆ ಮರ್ಯಾದೆ ಯಾಕೆ? ಕೆಲಸ ಆಗುತ್ತಲ್ಲ. ಬರಿಗೈಯಲ್ಲಿ ಹೋಗೋನಿಗೆ ಅದನ್ನಾದ್ರೂ ಕೊಡ್ಬೇಕು. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಅಂದಿನಿಂದ ಮೇಯರ್ ಪಕ್ಕದಲ್ಲಿ ನಿಂತು ಕೈ ನೋಡುವುದು ಹುಡುಗಿಯ ಕೆಲಸವಾಯಿತು. ಬಂದವರು ಹೊರಟ ಮೇಲೆ ಅವರ ಅರ್ಜಿ ಹಿಡಿದು ಜರಡಿಯ ಬಳಿ ಬರಬೇಕು. ಅವರು ತಲೆಯೆತ್ತದೆ, "ಒಂದಾ, ಎರಡಾ?" ಎಂದು ಕೇಳುತ್ತಾರೆ. ಒಂದಾದರೆ ಅರ್ಜಿ ಅಂದೇ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಎರಡಾದರೆ ಕೆಳಗಿನ ಬೀರುವಿಗೆ. ಆ ಬೀರುವಿಗೆ ಹೋದದ್ದು ಸ್ಮಶಾನಕ್ಕೆ ಹೋದ ಹಾಗೆ. ಮೇಯರ್ ಮತ್ತೆ ಕೇಳುತ್ತಿರಲಿಲ್ಲ, ಜರಡಿಯೂ ಮತ್ತೆ ನೋಡುತ್ತಿರಲಿಲ್ಲ. ಹುಡುಗಿಯ ಮಾತೇ ಕೊನೆಯ ಮಾತು.

ಅವಳಿಗೆ ಮೊದಲು ಅಸಹ್ಯವಾಯಿತು. ಆಮೇಲೆ ರೂಢಿಯಾಯಿತು. ಆಮೇಲೆ, ಹೇಳಬಾರದು, ಹೆಮ್ಮೆಯೂ ಆಯಿತು. ಕಣ್ಣೊರೆಸಿಕೊಳ್ಳುತ್ತಾ "ದೇವರಂಥ ಮನುಷ್ಯ" ಎಂದುಕೊಂಡು ಹೋಗುವವರನ್ನು ಬಾಗಿಲವರೆಗೆ ಬಿಟ್ಟು ಬಂದು, ಚಪ್ಪಲಿ ಸದ್ದು ಮೆಟ್ಟಿಲಿಳಿಯುವ ಮೊದಲೇ "ಎರಡು" ಎನ್ನುವುದನ್ನು ಕಲಿತಳು. ಎಲ್ಲ ಬಲ್ಲವರ ಪೈಕಿ ತಾನೂ ಒಬ್ಬಳು ಅನ್ನಿಸುವುದು ಕೆಟ್ಟ ಚಟ, ಬೇಗ ಹತ್ತುತ್ತದೆ.

ಒಂದು ದಿನ ಮೇಯರ್ ಕಾರು ಹತ್ತುವಾಗ ಧೈರ್ಯ ಮಾಡಿ ಅಂಗಡಿಯ ವಿಷಯ ಹೇಳಿಬಿಟ್ಟಳು. ಅವರು, "ಅಯ್ಯೋ, ಮೊದಲೇ ಹೇಳೋದಲ್ವಾ? ಕರ್ಕೊಂಡು ಬಾ ಅವರನ್ನ" ಎಂದರು.

ಚಿಕ್ಕಮ್ಮ ತಾನೇ ಹೊಲಿದುಕೊಂಡ ಹೊಸ ರವಿಕೆ ತೊಟ್ಟು ಬಂದಳು. ಹುಡುಗಿ ಎಂದಿನ ಹಾಗೆ ಮೇಯರ್ ಪಕ್ಕದಲ್ಲಿ ನಿಂತಳು. ಒಂದು ಕೈ, ಒಂದೇ ಒಂದು ಕೈ, ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಮೇಯರ್ ಕುರ್ಚಿ ಬಿಟ್ಟು ಎದ್ದರು. ಕುರ್ಚಿ ಬಿಟ್ಟು ಏಳುವುದು ಒಳ್ಳೆಯ ಲಕ್ಷಣವಲ್ಲವೆಂದು ಹುಡುಗಿಗೆ ಗೊತ್ತಿತ್ತು. ಅವರು ಚಹಾ ತರಿಸಿದರು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದ ಚಿಕ್ಕಮ್ಮನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು.

"ನೀವು ನನಗೆ ಅಕ್ಕ ಇದ್ದ ಹಾಗೆ. ಎಂಥ ಮಗಳನ್ನ ಬೆಳೆಸಿದೀರಿ! ನಿಶ್ಚಿಂತೆಯಿಂದ ಹೋಗಿ."

ಚಿಕ್ಕಮ್ಮ ಅತ್ತೇಬಿಟ್ಟಳು. ಯಾರ ಮುಂದೆಯೂ ಅತ್ತವಳಲ್ಲ.

ಹುಡುಗಿ ಅರ್ಜಿ ಹಿಡಿದು ಹೊರಗೆ ಬಂದಳು. ಜರಡಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೈ ಚಾಚಿದರು. ಬಂದವರು ಹುಡುಗಿಗೆ ಏನಾಗಬೇಕೆಂದು ಅವರಿಗೆ ಗೊತ್ತಿರಲಿಲ್ಲ.

"ಒಂದಾ, ಎರಡಾ?"

ಒಂದು ಎಂದಿದ್ದರೆ ಸಾಕಿತ್ತು. ಅಧಿಕಾರಿ ಸಹಿ ಹಾಕುತ್ತಿದ್ದ, ಚಿಕ್ಕಮ್ಮನ ಯಂತ್ರ ಹೊಸ ಮಾರುಕಟ್ಟೆಯಲ್ಲಿ ತಿರುಗುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಎರಡು" ಎಂದಳು.

ರೂಢಿಯ ಮೇಲೆ ಬಾಯಿಗೆ ಬಂತು ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಳ್ಳು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆಂಬ ಭಯ. ಆ ಭಯಕ್ಕೆ ಬೇರೆ ಚಂದದ ಹೆಸರಿಲ್ಲ.

ಚಿಕ್ಕಮ್ಮ ಇಡೀ ಅಂಗಡಿ ಸಾಲಿಗೇ ಸುದ್ದಿ ಹಂಚಿದಳು. ಪಕ್ಕದವರು ಸಾಮಾನು ಕಟ್ಟತೊಡಗಿದರೂ ಇವಳು ಹೊಸ ಬಟ್ಟೆ ಹೊಲಿಯಲು ಒಪ್ಪಿಕೊಂಡಳು. "ಮೇಯರೇ ಕೈ ಹಿಡ್ದು ಹೇಳಿದಾರೆ, ಅದೂ ಎರಡೂ ಕೈಯಲ್ಲಿ" ಎಂದು ಬಂದವರಿಗೆಲ್ಲ ತೋರಿಸಿ ಹೇಳುತ್ತಿದ್ದಳು. ಗೋಡೆಯ ಮೇಲೆ ಕೆಡವಬೇಕೆಂಬ ಕೆಂಪು ಗುರುತು ಬಿದ್ದ ದಿನ ಹುಡುಗಿಗೆ ತಡೆಯಲಾಗಲಿಲ್ಲ. ಅಂಗಡಿಗೆ ಹೋಗಿ, ಪರದೆ ಎಳೆದು, ಒಂದು ಕೈ ಎರಡು ಕೈಯ ಕತೆಯನ್ನೆಲ್ಲ ಹೇಳಿದಳು. "ಯಂತ್ರ ಮನೆಗೆ ಸಾಗಿಸೋಣ ಚಿಕ್ಕಮ್ಮ, ಬೇಗ."

ಚಿಕ್ಕಮ್ಮ ಕೈಯಲ್ಲಿದ್ದ ಬಟ್ಟೆಯ ನೂಲನ್ನು ಹಲ್ಲಿನಲ್ಲಿ ಕಡಿದಳು.

"ಅಲ್ಲ ಪುಟ್ಟಿ, ಕೈ ನೋಡಿ ಹೊರಗೆ ಬಂದು ಹೇಳೋರು ಯಾರು ಅಲ್ಲಿ?"

ಹುಡುಗಿ ನೆಲ ನೋಡಿದಳು. ನೆಲದ ತುಂಬ ಬಟ್ಟೆ ಚೂರು.

"ಉಂಡ ಮನೆಗೆ ಎರಡು ಬಗೀಬಾರದು ಅಂತ ನಾನೇ ಕಲಿಸಿದ್ದೆ" ಎಂದಳು ಚಿಕ್ಕಮ್ಮ. "ಉಂಡ ಮನೆ ಯಾವ್ದು ಅಂತ ಹೇಳೋದು ಮರೆತಿದ್ದೆ, ನೋಡು."

ಎದ್ದು ಯಂತ್ರದ ಬೆಲ್ಟ್ ಬಿಚ್ಚತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು, ಎರಡೇಟು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು. ಯಂತ್ರ ತಳ್ಳುಗಾಡಿಯಲ್ಲಿ ಮನೆಗೆ ಬಂದು ಅಡುಗೆಮನೆಯ ಮೂಲೆ ಸೇರಿತು. ಮೇಜು ಮನೆಯ ಬಾಗಿಲಲ್ಲಿ ಹಿಡಿಸುವಂತಿರಲಿಲ್ಲ, ಅಂಗಡಿಯಲ್ಲೇ ಉಳಿದು ಗೋಡೆಯ ಜೊತೆಗೇ ಹೋಯಿತು. ಆ ಓಣಿಯಲ್ಲಿ ಹೊಲಿಸುವವರು ಯಾರೂ ಇರಲಿಲ್ಲ. ಚಿಕ್ಕಮ್ಮ ಯಂತ್ರಕ್ಕೆ ದಿನಾ ಎಣ್ಣೆ ಮಾತ್ರ ಬಿಡುತ್ತಿದ್ದಳು.

ಇಂಟರ್ನ್‌ಶಿಪ್ ಮುಗಿದ ದಿನ ಹುಡುಗಿ ಮೇಯರ್ ಮುಂದೆ ನಿಂತಳು. ಅವರು ಓದುತ್ತಿದ್ದ ಕಾಗದದಿಂದ ಕಣ್ಣನ್ನೂ ಎತ್ತಲಿಲ್ಲ. ಒಂದು ಕೈ ಚಾಚಿ, ಅರೆಬರೆ ಕುಲುಕಿ, "ನೋಡೋಣ" ಎಂದರು. ಹೊರಗೆ ಜರಡಿ ತಾವೇ ಎದ್ದು ಬಂದು ಬೆನ್ನು ತಟ್ಟಿದರು. "ನಂಗೆ ಗೊತ್ತಿತ್ತು ಬಿಡು. ಸ್ವಂತ ಚಿಕ್ಕಮ್ಮನಿಗೂ ಎರಡು ಅಂದೋಳು ನೀನು. ಆಮೇಲೆ ಗೊತ್ತಾಯ್ತು ನನಗೆ. ನಿನ್ನಂಥೋರು ಎಲ್ಲಿ ಸಿಗ್ತಾರೆ?"

ಮನೆಗೆ ಬಂದಾಗ ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದಳು. ಹುಡುಗಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಸಂಬಳದಲ್ಲಿ ಬಾಡಿಗೆಗೆ ಒಂದು ಅಂಗಡಿ ಹಿಡಿಯೋಣ, ಹೊಸ ಮೇಜು ಮಾಡಿಸೋಣ, ನನ್ನನ್ನು ಕ್ಷಮಿಸು. ಬಾಯಿಗೆ ಬಂದದ್ದು ಇಷ್ಟೇ: "ಕೆಲಸ ಆಯ್ತು, ಚಿಕ್ಕಮ್ಮ."

ಚಿಕ್ಕಮ್ಮ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು ಹತ್ತಿರ ಬಂದಳು. ಮುಖದ ತುಂಬ ನಗು ತಂದುಕೊಂಡು, ಹುಡುಗಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮೆಲ್ಲಗೆ ಹಿಡಿದುಕೊಂಡಳು.

"ತುಂಬ ಸಂತೋಷ ಆಯ್ತಮ್ಮ" ಎಂದಳು. "ನೀವು ನನಗೆ ಮಗಳಿದ್ದ ಹಾಗೆ."